ಗಾಣದ ಬೀಡಿನ ಚೌಕಟ್ಟು ಒಡೆದಾಗ: ಒಂದು ವೆಲ್ಡಿಂಗ್ ದುರಸ್ತಿಯ ದಾಖಲೆ

ಮಂಡ್ಯ ಜಿಲ್ಲೆಯ ಆಲೆಮನೆಯೊಂದರಿಂದ ನಮ್ಮ ವರ್ಕ್‌ಶಾಪಿಗೆ ಬಂದದ್ದು ಮೂರು ರೋಲರುಗಳ ಕಬ್ಬಿನ ಗಾಣದ ಎಡಬದಿಯ ಚೌಕಟ್ಟು. ಮೋಟಾರಿನಿಂದ ಓಡುವ ಇಂತಹ ಗಾಣದಲ್ಲಿ ಎರಡು ರೋಲರುಗಳು ಕೆಳಗೆ, ಒಂದು ಮೇಲೆ ಇರುತ್ತವೆ. ಮೂರನ್ನೂ ಹೊತ್ತು ನಿಲ್ಲುವುವು ಎರಡು ಬದಿಯ ಬೀಡು ಕಬ್ಬಿಣದ (ಕಾಸ್ಟ್ ಐರನ್) ಚೌಕಟ್ಟುಗಳು. ಚೌಕಟ್ಟಿನ ನಡುವೆ ಮೇಲ್ಮುಖವಾಗಿ ತೆರೆದ ಒಂದು ಕಂಡಿ ಇದ್ದು, ಮೇಲಿನ ರೋಲರಿನ ಬೇರಿಂಗ್ ಅದರೊಳಗೆ ಕೂರುತ್ತದೆ. ಕಂಡಿಯ ಎರಡು ಪಕ್ಕಗಳಲ್ಲಿ ಎದ್ದು ನಿಂತ ಭಾಗಗಳನ್ನು ನಾವು ಕೊಂಬುಗಳೆನ್ನುತ್ತೇವೆ. ಅವುಗಳ ತಲೆಯ ಮೇಲೆ ಮುಚ್ಚಳವನ್ನಿಟ್ಟು ಬೋಲ್ಟಿನಿಂದ ಬಿಗಿದಿರುತ್ತಾರೆ. ಕಬ್ಬು ಒಳಹೋದಾಗ ಮೇಲಿನ ರೋಲರ್ ಎದ್ದು ಬರಲು ನೋಡುತ್ತದೆ, ಮುಚ್ಚಳ ಅದನ್ನು ತಡೆಯುತ್ತದೆ, ಮುಚ್ಚಳದ ಬೋಲ್ಟುಗಳು ಕೊಂಬುಗಳನ್ನು ಮೇಲಕ್ಕೆ ಜಗ್ಗುತ್ತವೆ. ಗಾಣ ಓಡುವಷ್ಟು ಹೊತ್ತೂ ಕೊಂಬುಗಳ ಬುಡದ ಮೇಲೆ ಈ ಎಳೆತ ಇದ್ದೇ ಇರುತ್ತದೆ. ಒಡೆದಿದ್ದು ಅಲ್ಲಿಯೇ, ಕಬ್ಬು ಹಾಕುವ ಕಡೆಯ ಕೊಂಬಿನ ಬುಡದಲ್ಲಿ.

ಇದು ಮೊದಲ ಸಲ ಒಡೆದದ್ದೂ ಅಲ್ಲ. ಹಿಂದೆ ಯಾರೋ ಜಾಗದಲ್ಲೇ ಸಾಧಾರಣ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ರಾಡಿನಿಂದ ದಪ್ಪನಾಗಿ ಬೆಸೆದಿದ್ದರು. ಆ ಬೆಸುಗೆ ಇದ್ದ ಹಾಗೆಯೇ ಇತ್ತು. ಅದರ ಅಂಚಿಗೆ ಅಂಟಿಕೊಂಡಂತೆ, ಒಂದೆರಡು ಮಿಲಿಮೀಟರ್ ಪಕ್ಕದಲ್ಲಿ, ಹೊಸ ಬಿರುಕು ಹಾದುಹೋಗಿತ್ತು. ಬೀಡಿನ ಮೇಲೆ ಸಾಮಾನ್ಯ ರಾಡು ಓಡಿಸಿದ ಕಡೆಯಲ್ಲೆಲ್ಲ ಕಾಣುವ ಗುರುತು ಇದು. ಆಲೆಮನೆಯ ಯಜಮಾನರ ಪ್ರಶ್ನೆ ಮಾತ್ರ ನ್ಯಾಯವಾದದ್ದೇ ಆಗಿತ್ತು: ಸಕ್ಕರೆ ಕಾರ್ಖಾನೆಗಳಲ್ಲಿ ಬೀಡಿನ ರೋಲರುಗಳ ಮೇಲೆ, ಅವು ತಿರುಗುತ್ತಿರುವಾಗಲೇ, ರಸ ಸುರಿಯುತ್ತಿರುವಾಗಲೇ ವೆಲ್ಡಿಂಗ್ ಮಾಡುತ್ತಾರಲ್ಲ, ಅದು ನಿಲ್ಲುವುದಾದರೆ ಚೌಕಟ್ಟಿನ ಮೇಲೆ ಏಕೆ ನಿಲ್ಲುವುದಿಲ್ಲ?

ಕಾರ್ಖಾನೆಯ ಆ ಕೆಲಸವನ್ನು ಆರ್ಕ್ ರಫನಿಂಗ್ ಎನ್ನುತ್ತಾರೆ. ಕಬ್ಬು ಜಾರದೆ ಹಿಡಿತ ಸಿಗಲೆಂದು ರೋಲರಿನ ಹಲ್ಲುಗಳ ಮೇಲೆ ಕ್ರೋಮಿಯಂ ಹೆಚ್ಚಿರುವ ಗಡಸು ರಾಡಿನಿಂದ ಸಣ್ಣ ಸಣ್ಣ ಬೊಟ್ಟುಗಳನ್ನು ಕೂರಿಸುತ್ತಾರೆ. ಅಲ್ಲಿ ಬೇಕಾಗಿರುವುದೇ ಗಡಸುತನ ಮತ್ತು ಒರಟುತನ. ಒಂದು ಬೊಟ್ಟು ಉದುರಿದರೆ ಇನ್ನೊಂದು ಹಾಕುತ್ತಾರೆ, ಬೊಟ್ಟಿನೊಳಗೆ ಬಿರುಕಿದ್ದರೂ ಯಾರಿಗೂ ನಷ್ಟವಿಲ್ಲ. ಯಾವ ಎರಡು ತುಂಡುಗಳನ್ನೂ ಆ ಬೊಟ್ಟು ಹಿಡಿದಿಡುತ್ತಿಲ್ಲ. ಚೌಕಟ್ಟಿನ ಬೆಸುಗೆಯಿಂದ ನಾವು ಕೇಳುವುದು ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನು.

ಬೀಡು ಕಬ್ಬಿಣದಲ್ಲಿ ನೂರಕ್ಕೆ 2.5ರಿಂದ 4ರಷ್ಟು ಇಂಗಾಲವಿರುತ್ತದೆ. ಎಂ.ಎಸ್.ನಲ್ಲಿ ಅದು ಸುಮಾರು 0.2. ಬೂದು ಬೀಡಿನಲ್ಲಿ ಈ ಇಂಗಾಲದ ಹೆಚ್ಚಿನ ಭಾಗ ಗ್ರಾಫೈಟಿನ ತೆಳುವಾದ ಪದರಗಳಾಗಿ ಲೋಹದ ನಡುವೆ ಹರಡಿಕೊಂಡಿರುತ್ತದೆ. ಚಾಣ ಹಿಡಿದರೆ ಸಿಪ್ಪೆ ಸುರುಳಿಯಾಗದೆ ಪುಡಿಯಾಗಿ ಉದುರುವುದಕ್ಕೂ, ಎಳೆದರೆ ಹಿಗ್ಗದೆ ಸೀಳುವುದಕ್ಕೂ ಕಾರಣ ಆ ಪದರಗಳೇ. ಬೆಸೆಯುವಾಗ ಕರಗಿದ ಉಕ್ಕು ಪಕ್ಕದ ಬೀಡಿನಿಂದ ಇಂಗಾಲವನ್ನು ಹೀರಿ ತಾನೇ ಗಡಸಾಗುತ್ತದೆ. ಅಂಚಿನ ಬೀಡು ಕರಗಿ, ಸುತ್ತಲಿನ ತಣ್ಣನೆಯ ಲೋಹ ಆ ಶಾಖವನ್ನು ಕ್ಷಣದಲ್ಲಿ ಎಳೆದುಕೊಳ್ಳುವುದರಿಂದ, ಗ್ರಾಫೈಟ್ ಮತ್ತೆ ಗ್ರಾಫೈಟಾಗಲು ಅವಕಾಶವಿಲ್ಲದೆ ಗಾಜಿನಂತಹ ಬಿಳಿ ಬೀಡಾಗಿ ಹೆಪ್ಪುಗಟ್ಟುತ್ತದೆ. ಆ ಹೊತ್ತಿಗೆ ಬೆಸುಗೆ ತಣಿದು ಕುಗ್ಗತೊಡಗಿರುತ್ತದೆ. ಕುಗ್ಗುವ ಉಕ್ಕು ಎಳೆಯುತ್ತದೆ, ಹಿಗ್ಗಲಾರದ ಗಡಸು ಅಂಚು ಸೀಳುತ್ತದೆ. ಹಳೆಯ ದುರಸ್ತಿಯಲ್ಲಿ ಬೆಸುಗೆ ಉಳಿದು ಪಕ್ಕದ ಬೀಡು ಒಡೆದದ್ದು ಹೀಗೆ.

ಹಳೆಯ ಬೆಸುಗೆಯನ್ನು ಗ್ರೈಂಡರಿನಿಂದ ತೆಗೆಯುತ್ತಿದ್ದಂತೆ ಕೊಂಬು ಬೇರೆಯಾಗಿ ಕೈಗೆ ಬಂದಿತು. ಒಡೆದ ಮುಖವನ್ನು ಒರೆಸದೆ ಮೊದಲು ಬೆಳಕಿಗೆ ಹಿಡಿದು ನೋಡುವುದು ನನ್ನ ಅಭ್ಯಾಸ, ಏಕೆಂದರೆ ಒಮ್ಮೆ ಸ್ವಚ್ಛಗೊಳಿಸಿದ ಮೇಲೆ ಅದು ಹೇಳಬೇಕಾದದ್ದು ಅಳಿಸಿಹೋಗುತ್ತದೆ. ಕಂಡಿಯ ಒಳಮೂಲೆಯಿಂದ ಹೊರಗೆ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಕಪ್ಪಾಗಿತ್ತು: ಗ್ರೀಸು, ರಸದ ಜಿಡ್ಡು ಮತ್ತು ತುಕ್ಕು ಒಂದರೊಳಗೊಂದು ಸೇರಿ ಗಟ್ಟಿಯಾದ ಪದರ. ಅದರಾಚೆಗೆ ಹಳೆಯ ಬೆಸುಗೆಯ ಕಾಲದ ಕಂದು ಬಣ್ಣ. ಹೊರ ಅಂಚಿನ ಉಬ್ಬುಪಟ್ಟಿಯಲ್ಲಿ ಮಾತ್ರ ಬೂದು ಬಣ್ಣದ, ಹೊಳೆಯುವ ಹರಳುಹರಳಾದ ಹೊಸ ಒಡಕು. ಅಂದರೆ ಬಿರುಕು ಮೂಲೆಯಲ್ಲಿ ಹುಟ್ಟಿ ಬಹಳ ಕಾಲ ಒಳಗೇ ಬೆಳೆಯುತ್ತಿತ್ತು. ಕಡೆಗೆ ಗಾಣ ಸಿಕ್ಕಿಕೊಂಡ ದಿನ ಉಳಿದದ್ದೂ ಹೋಯಿತು. ಆ ಮೂಲೆಯನ್ನು ಬೆರಳಿನಿಂದ ತಡವಿದರೆ ಚೂಪು ಹತ್ತುತ್ತಿತ್ತು. ಅಚ್ಚಿನಲ್ಲಿ ಅಲ್ಲಿ ಇರಬೇಕಾಗಿದ್ದ ದುಂಡನ್ನು ಕಂಡಿ ಕೊರೆಯುವಾಗ ಯಂತ್ರದಿಂದ ಪೂರ್ತಿ ಕಿತ್ತುಹಾಕಿದ್ದರು. ಎಳೆತವೆಲ್ಲ ಇಂತಹ ಒಳಮೂಲೆಗೇ ಬಂದು ಸೇರುವುದರಿಂದ, ಬೆಸುಗೆ ಎಷ್ಟೇ ಚೆನ್ನಾಗಿದ್ದರೂ ಮೂಲೆಯನ್ನು ಹಾಗೆಯೇ ಬಿಟ್ಟರೆ ಮುಂದಿನ ಬಿರುಕಿಗೆ ಜಾಗ ಮಾಡಿಕೊಟ್ಟಂತೆ.

ಹೊಸದಾಗಿ ಎರಕ ಹೊಯ್ಯಿಸುವ ಮಾತೂ ಬಂದಿತು. ಬೆಳಗಾವಿ, ಶಿವಮೊಗ್ಗಗಳಲ್ಲಿ ಈ ಗಾತ್ರದ ಬೂದು ಬೀಡಿನ ಎರಕ ಯಾವ ದೊಡ್ಡ ವಿಷಯವೂ ಅಲ್ಲ. ಆದರೆ ಒಂದೇ ಒಂದು ತುಂಡಿಗೆ ಮರಳಿನಲ್ಲಿ ಅಚ್ಚು ಒತ್ತುವ ಮರದ ಪ್ಯಾಟರ್ನ್ ಮಾಡಿಸಬೇಕು. ಒಡೆದದ್ದನ್ನೇ ಮಾದರಿಯಾಗಿ ಇಟ್ಟರೆ ತಣಿದ ಬೀಡು ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುವುದರಿಂದ ಹೊಸದು ಚಿಕ್ಕದಾಗಿ ಬರುತ್ತದೆ. ಬಂದ ಮೇಲೆ ಕಂಡಿ, ಬೇರಿಂಗ್ ಪೀಠ, ಬೋಲ್ಟಿನ ರಂಧ್ರಗಳನ್ನೆಲ್ಲ ಕೊರೆಸಬೇಕು. ಕಬ್ಬು ಕಡಿದು ಗದ್ದೆಯಲ್ಲಿ ಬಿದ್ದಿರುವಾಗ ಅಷ್ಟು ಕಾಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ದಿನ ಕಳೆದಂತೆ ಕಡಿದ ಕಬ್ಬಿನ ತೂಕವೂ ಇಳಿಯುತ್ತದೆ, ಬೆಲ್ಲದ ಇಳುವರಿಯೂ ಇಳಿಯುತ್ತದೆ.

ಬೆಸೆಯುವ ಮೊದಲು ಅದು ಎಂತಹ ಬೀಡು ಎಂದು ತಿಳಿಯಬೇಕು. ಗ್ರೈಂಡರಿನ ಕಿಡಿ ಮೊಂಡಾಗಿ, ಮಸುಕು ಕೆಂಪಾಗಿ, ಕಲ್ಲಿನ ಹತ್ತಿರವೇ ಆರುತ್ತಿತ್ತು. ಚಾಣದ ಏಟಿಗೆ ಪುಡಿ ಉದುರಿತು. ಒಡೆದ ಮುಖ ಬೂದಾಗಿತ್ತು. ಈ ಮೂರೂ ಸೇರಿದರೆ ಬೂದು ಬೀಡೆಂದು ತೀರ್ಮಾನಿಸಲು ಸಾಕು. ಮುಖ ಬಿಳಿಯಾಗಿ ಹೊಳೆದು, ಅರ (ಫೈಲ್) ಜಾರಿದ್ದರೆ ಬಿಳಿ ಬೀಡು. ಅದಕ್ಕೆ ವೆಲ್ಡಿಂಗ್ ರಾಡು ಮುಟ್ಟಿಸುವುದು ವ್ಯರ್ಥ. ಕಿಡಿಯಲ್ಲಿ ಉಕ್ಕಿನಂತೆ ಉದ್ದನೆಯ ಗೆರೆ, ಕವಲೊಡೆಯುವ ನಕ್ಷತ್ರಗಳು ಕಂಡರೆ ಅದು ಎರಕದ ಉಕ್ಕು, ಕೆಲಸ ಎಷ್ಟೋ ಸುಲಭ. ಸಕ್ಕರೆ ಕಾರ್ಖಾನೆಗಳ ದೊಡ್ಡ ಗಿರಣಿಗಳ ಚೌಕಟ್ಟುಗಳು ಸಾಮಾನ್ಯವಾಗಿ ಎರಕದ ಉಕ್ಕಿನವು; ಅಲ್ಲಿಯ ಅನುಭವವನ್ನು ಆಲೆಮನೆಯ ಗಾಣಕ್ಕೆ ತಂದು ಕೈಸುಟ್ಟುಕೊಳ್ಳುವವರು ಇದ್ದಾರೆ.

ದಾರಿಗಳು ನಾಲ್ಕಿದ್ದವು. ಇಡೀ ಚೌಕಟ್ಟನ್ನು 500ರಿಂದ 650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಾದಿರುವಾಗಲೇ ಬೆಸೆದು, ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸುವುದು ಲೋಹದ ದೃಷ್ಟಿಯಿಂದ ಎಲ್ಲಕ್ಕಿಂತ ಉತ್ತಮ. ಆಲೆಮನೆಯಲ್ಲಿ ಕೊಪ್ಪರಿಗೆಯ ಒಲೆ ಇದೆ, ಉರಿಸಲು ಬೇಕಾದಷ್ಟು ಕಬ್ಬಿನ ಸಿಪ್ಪೆಯೂ ಇದೆ, ಅದರಲ್ಲೇ ಕಾಯಿಸೋಣ ಎಂಬ ಸಲಹೆಯೂ ಬಂದಿತ್ತು. ಆದರೆ ಸಿಪ್ಪೆಯ ಬೆಂಕಿ ಒಂದು ಕಡೆ ನಾಲಿಗೆ ಚಾಚಿದರೆ ಇನ್ನೊಂದು ಕಡೆ ಮಂಕಾಗಿರುತ್ತದೆ; ಒಂದು ಬದಿ ಕೆಂಪಾಗಿ ಇನ್ನೊಂದು ಬದಿ ಕಪ್ಪಾಗಿ ಉಳಿದರೆ ಬೀಡು ಕಾಯುವಾಗಲೇ ಸೀಳುತ್ತದೆ. ಜೊತೆಗೆ ಯಂತ್ರದಲ್ಲಿ ಕೊರೆದು ಅಳತೆಗೆ ತಂದ ಬೇರಿಂಗ್ ಪೀಠಗಳು ಹೊಪ್ಪಳಿಸಿ, ಅಂದರೆ ಮೈ ಸುಟ್ಟು ಪೊರೆಯೆದ್ದು, ಕೆಡುತ್ತವೆ. ಗ್ಯಾಸಿನಿಂದ ಹಿತ್ತಾಳೆ ರಾಡಿನ ಬ್ರೇಜಿಂಗ್ ನನಗೆ ಬಹಳ ಇಷ್ಟವಾದ ವಿಧಾನ, ಬೀಡು ಕರಗುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ; ಆದರೂ ಈ ದಪ್ಪಕ್ಕೆ ಕೆಂಪಾಗುವಷ್ಟು ಅಗಲವಾದ ಜಾಗವನ್ನು ಕಾಯಿಸಲೇಬೇಕು, ಮತ್ತೆ ಅದೇ ಹೊಪ್ಪಳದ ತೊಂದರೆ. ಬೀಗ ಮತ್ತು ಮೊಳೆಗಳಿಂದ ಬಿಸಿಯೇ ಇಲ್ಲದೆ ಹೊಲಿಯುವ ಮೆಟಲ್ ಸ್ಟಿಚಿಂಗ್ ದೊಡ್ಡ ಎಂಜಿನ್ ಬ್ಲಾಕುಗಳಿಗೆ ಒಳ್ಳೆಯದು, ಆದರೆ ಅದರ ಉಪಕರಣ ನಮ್ಮಲ್ಲಿಲ್ಲ. ಉಳಿದದ್ದು ತಣ್ಣನೆಯ ವಿಧಾನ: ನಿಕ್ಕಲ್ ರಾಡು, ಚಿಕ್ಕ ಚಿಕ್ಕ ಬೆಸುಗೆ, ಮತ್ತು ತಾಳ್ಮೆ.

ತಣ್ಣನೆಯ ವಿಧಾನವನ್ನು ಆರಿಸಿದಾಗಲೇ ಇನ್ನೊಂದು ತೀರ್ಮಾನವನ್ನೂ ಮಾಡಿಕೊಂಡೆ. ಬೆಸುಗೆ ಕೊಂಬನ್ನು ಅದರ ಸ್ಥಾನದಲ್ಲಿ ಕೂರಿಸಲಿ, ಆಕಾರ ಕೊಡಲಿ. ಗಾಣದ ಎಳೆತವನ್ನು ಹೊರುವ ಕೆಲಸ ಅದಕ್ಕೆ ಬೇಡ. ಬೂದು ಬೀಡು ಒತ್ತಡದಲ್ಲಿ ತಾಳುವ ಬಲ ಎಳೆತದಲ್ಲಿ ತಾಳುವುದರ ಮೂರು ನಾಲ್ಕು ಪಟ್ಟು. ಎಫ್‌ಜಿ 200 ಎಂಬ ಸಾಮಾನ್ಯ ದರ್ಜೆಯ ಹೆಸರಿನಲ್ಲಿರುವ 200 ಎಂಬುದು ಚದರ ಮಿಲಿಮೀಟರಿಗೆ 200 ನ್ಯೂಟನ್ ಎಂಬ ಎಳೆತದ ಬಲ. ಅದೇ ಬೀಡನ್ನು ಹಿಂಡಿದರೆ ಅದು ಎಷ್ಟೋ ಹೆಚ್ಚು ತಡೆದುಕೊಳ್ಳುತ್ತದೆ. ಆದ್ದರಿಂದ ಮುಚ್ಚಳದ ಮೇಲಿಂದ ಅಡಿಯ ಉಕ್ಕಿನ ತೊಲೆಯಾದ ಚಾನೆಲ್‌ವರೆಗೆ ಉಕ್ಕಿನ ಉದ್ದ ಬೋಲ್ಟುಗಳನ್ನು ಹಾಕಿ ಕೊಂಬುಗಳನ್ನು ಸದಾ ಒತ್ತಡದಲ್ಲಿ ಇಡುವುದೆಂದು ನಿಶ್ಚಯವಾಯಿತು. ಬೀಡಿನ ವೆಲ್ಡಿಂಗ್ ನಿಲ್ಲುವುದೇ ಇಲ್ಲ ಎನ್ನುವವರ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲಿಯದು: ಬೀಡಿನಲ್ಲಿ ಹಿಂದೆ ಒಡೆದ ಜಾಗಕ್ಕೇ, ಹಿಂದಿದ್ದ ಭಾರವನ್ನೇ, ಮತ್ತೆ ಹೊರಿಸಿರುತ್ತಾರೆ.

ಎಣ್ಣೆ ತೆಗೆಯುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ವರ್ಷಗಟ್ಟಲೆ ಗ್ರೀಸು ಕುಡಿದ ಬೀಡಿನಲ್ಲಿ ಗ್ರಾಫೈಟಿನ ಸಂದುಗಳೊಳಗೆಲ್ಲ ಎಣ್ಣೆ ಇಳಿದಿರುತ್ತದೆ. ಮೇಲೆ ಎಷ್ಟು ತೊಳೆದರೂ ಆರ್ಕ್ ಮುಟ್ಟಿದ ಕೂಡಲೇ ಒಳಗಿಂದ ಉಕ್ಕಿ ಬೆಸುಗೆಯಲ್ಲಿ ತೂತುಗಳನ್ನು ಮಾಡುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದ ಮೇಲೆ ಒಡೆದ ಮುಖಗಳ ಸುತ್ತ ಅಗಲವಾದ, ಮೆತ್ತನೆಯ ಗ್ಯಾಸ್ ಜ್ವಾಲೆಯನ್ನು ಆಡಿಸುತ್ತಾ ಸುಮಾರು 350 ಡಿಗ್ರಿಯವರೆಗೆ ನಿಧಾನವಾಗಿ ಕಾಯಿಸಿದೆವು. ಮೊದಲು ಮುಖದ ಮೇಲೆ ಕಂದು ಬೆವರು ಕಾಣಿಸಿಕೊಂಡಿತು, ಆಮೇಲೆ ಹೊಗೆ ಎದ್ದಿತು, ಕಡೆಗೆ ಹೊಗೆ ನಿಂತು ಮುಖ ಒಣ ಬೂದು ಬಣ್ಣಕ್ಕೆ ತಿರುಗಿತು. ತಣಿಯಲು ಬಿಟ್ಟದ್ದು ಭತ್ತದ ಹೊಟ್ಟಿನ ಬೂದಿಯ ಹೊದಿಕೆಯಲ್ಲಿ. ಹಗುರವಾದ, ಒಣಗಿದ, ಶಾಖ ಬಿಡದ ವಸ್ತುವೆಂದರೆ ಇದೇ. ನಮ್ಮ ಕಡೆಯ ಅಕ್ಕಿ ಗಿರಣಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ.

ಮುಖಗಳನ್ನು ಇಳಿಜಾರಾಗಿ ಕೆತ್ತಿದ್ದು ಎರಡು ಕಡೆಯಿಂದಲೂ. ಒಡಕಿನ ದಪ್ಪ 38 ಮಿಲಿಮೀಟರ್. ಒಂದೇ ಕಡೆಯಿಂದ ತುಂಬಿದರೆ ಬೆಸುಗೆಯೂ ಹೆಚ್ಚು, ಕುಗ್ಗುವಿಕೆಯೂ ಹೆಚ್ಚು, ಕೊಂಬು ಒಂದೇ ಕಡೆ ವಾಲುವುದೂ ಖಂಡಿತ. ಎರಡೂ ಕಡೆ ಒಟ್ಟು 60 ಡಿಗ್ರಿಯ ಕೋನ ಕೊಟ್ಟು, ನಡುವೆ ಸುಮಾರು 4 ಮಿಲಿಮೀಟರಿನಷ್ಟು ಒಡೆದ ಮುಖವನ್ನು ಮುಟ್ಟದೆ ಉಳಿಸಿಕೊಂಡೆವು. ಆ ಹರಳುಹರಳಾದ ಪಟ್ಟಿ ಒಂದರೊಳಗೊಂದು ಕಚ್ಚಿ ಕೂರುವುದರಿಂದ ಕೊಂಬು ಇದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಯಾವ ಅಳತೆಪಟ್ಟಿಯೂ ಅಷ್ಟು ನಿಖರವಾಗಿ ಹೇಳಲಾರದು. ಹಳೆಯ ಉಕ್ಕಿನ ಬೆಸುಗೆಯ ಕೊನೆಯ ಗಡಸು ಅಂಚು ಹೋಗುವವರೆಗೂ ಕೆತ್ತಬೇಕಾಯಿತು. ಅರ ಹಾಕಿ ನೋಡುವುದೇ ಪರೀಕ್ಷೆ: ಗಡಸು ಇರುವಲ್ಲಿ ಅರ ಕೀರಲು ಸದ್ದು ಮಾಡಿ ಜಾರುತ್ತದೆ, ಮೂಲ ಬೀಡು ಸಿಕ್ಕಿದ ಕೂಡಲೇ ಕಚ್ಚಿ ಕಪ್ಪು ಪುಡಿ ಬಿಡುತ್ತದೆ. ಕಣ್ಣಿಗೆ ಕಾಣದ ಬಿರುಕಿನೊಳಗೂ ಇಳಿಯುವ ಡೈ ಪೆನೆಟ್ರೆಂಟಿನ ಕೆಂಪು ಬಣ್ಣ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸಿದಾಗ, ಕೆಳಗಿನ ರೋಲರಿನ ಪೀಠದ ಕಡೆಗೆ ಕೂದಲೆಳೆಯಷ್ಟು ತೆಳ್ಳನೆಯ ಒಂದು ಕವಲು ಬಿರುಕು ಕಂಡಿತು. ಅದರ ತುದಿಯಾಚೆಗೆ 4 ಮಿಲಿಮೀಟರಿನ ರಂಧ್ರ ಕೊರೆದು ಅದು ಮುಂದೆ ಓಡದಂತೆ ಮಾಡಿ, ಕವಲನ್ನೂ ಇಳಿಜಾರು ಕೆತ್ತಿ ಬೆಸುಗೆಗೆ ಸೇರಿಸಿಕೊಂಡೆವು. ಡೈ ಇಲ್ಲದ ಕಡೆ ಸೀಮೆಎಣ್ಣೆ ಹಚ್ಚಿ ಒರೆಸಿ ಸೀಮೆಸುಣ್ಣದ ಪುಡಿ ಬಳಿದರೂ ಆಗುತ್ತದೆ, ನಿಧಾನ, ಅಷ್ಟೇ.

ಇಳಿಜಾರಿನ ಎರಡೂ ಮುಖಗಳಲ್ಲಿ ಓರೆಸಾಲಾಗಿ 10 ಮಿಲಿಮೀಟರಿನ ಎಂ.ಎಸ್. ಸ್ಟಡ್ಡುಗಳನ್ನು (ತಲೆಯಿಲ್ಲದ ಬೋಲ್ಟುಗಳನ್ನು) ಥ್ರೆಡ್ ಹಾಕಿ ಕೂರಿಸಿದೆವು. ಪ್ರತಿಯೊಂದೂ 15 ಮಿಲಿಮೀಟರ್ ಒಳಗೆ, 5 ಮಿಲಿಮೀಟರ್ ಹೊರಗೆ. ಬೆಸುಗೆಯ ಅಂಚಿನ ಬೀಡು ಎಷ್ಟೇ ಎಚ್ಚರಿಕೆಯಿಂದಿದ್ದರೂ ಸ್ವಲ್ಪ ಗಡಸಾಗಿಯೇ ಇರುತ್ತದೆ. ಸ್ಟಡ್ಡು ಆ ದುರ್ಬಲವಾದ ಅಂಚನ್ನು ದಾಟಿ ಒಳಗಿನ ಆರೋಗ್ಯವಂತ ಬೀಡನ್ನು ಹಿಡಿಯುತ್ತದೆ. ಸ್ಟಡ್ಡುಗಳ ಒಟ್ಟು ಅಡ್ಡಕೊಯ್ತ ಬೆಸುಗೆಯ ಮುಖದ ವಿಸ್ತೀರ್ಣದ ನೂರಕ್ಕೆ 25ರಿಂದ 35ರಷ್ಟು ಇರಬೇಕೆಂಬುದು ಒಪ್ಪಿತವಾದ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ರಂಧ್ರಗಳೇ ಬೀಡನ್ನು ತೆಳುವಾಗಿಸುತ್ತವೆ.

ಕಂಡಿಯ ಅಗಲಕ್ಕೆ ಸರಿಯಾಗಿ ಲೇತಿನಲ್ಲಿ ತಿರುವಿದ ಉಕ್ಕಿನ ಗುಂಡನ್ನು ಎರಡು ಕೊಂಬುಗಳ ನಡುವೆ ಇಟ್ಟು, ಮುಚ್ಚಳವನ್ನೂ ಹಾಕಿ ಹಿಡಿಕೆಗಳಿಂದ ಬಿಗಿದು, ಕೊಂಬು ತುಸು ಸರಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಅದರ ತುದಿಗೆ ನಿಲ್ಲಿಸಿದೆವು. ಕೊಂಬು ತುಂಡಾಗಿ ಬೇರೆಯಾದದ್ದು ಒಂದು ಲೆಕ್ಕದಲ್ಲಿ ಅನುಕೂಲವೇ ಆಯಿತು. ಎರಡೂ ತುದಿ ಹಿಡಿದುಕೊಂಡ ಬಿರುಕಿನಲ್ಲಿ ಬೆಸುಗೆ ಕುಗ್ಗಲು ಜಾಗವಿಲ್ಲದೆ ಎಳೆತ ಒಳಗೇ ಉಳಿಯುತ್ತದೆ. ಬಿಡಿ ತುಂಡಾದರೆ ಕುಗ್ಗುವಿಕೆಯ ಜೊತೆಗೆ ಅದೂ ಸ್ವಲ್ಪ ಸರಿದುಕೊಳ್ಳುತ್ತದೆ.

ರಾಡಿನ ವಿಷಯ. ನಿಕ್ಕಲ್ ಇಂಗಾಲದೊಡನೆ ಸೇರಿ ಗಡಸು ಕಾರ್ಬೈಡ್ ಆಗುವುದಿಲ್ಲ. ಬೀಡಿನಿಂದ ಬಂದ ಹೆಚ್ಚಿನ ಇಂಗಾಲವನ್ನು ಗ್ರಾಫೈಟಾಗಿ ಹೊರಗೆ ಬಿಡುತ್ತದೆ, ಹಾಗೆ ಹುಟ್ಟಿದ ಗ್ರಾಫೈಟಿನ ಉಬ್ಬು ಕುಗ್ಗುವಿಕೆಯ ಒಂದಂಶವನ್ನು ತೀರಿಸಿಕೊಡುತ್ತದೆ. ಶುದ್ಧ ನಿಕ್ಕಲ್ ರಾಡಿನ ಬೆಸುಗೆ ಮೆತ್ತಗಿರುತ್ತದೆ, ಕೊರೆಯಲು ಸುಲಭ, ತೆಳುವಾದ ಭಾಗಗಳಿಗೆ ಒಳ್ಳೆಯದು. ಸುಮಾರು 55 ಪಾಲು ನಿಕ್ಕಲ್, ಉಳಿದದ್ದು ಕಬ್ಬಿಣವಿರುವ ರಾಡು ಅದಕ್ಕಿಂತ ಬಲವಾದದ್ದು, ಕುಗ್ಗುವುದೂ ಕಡಿಮೆ, ಬೆಲೆಯೂ ಕಡಿಮೆ. ದಪ್ಪ ಭಾಗಕ್ಕೆ ಇದೇ ಸರಿ. ಎರಡೂ ಕಿಲೋಗೆ ಸಾವಿರಾರು ರೂಪಾಯಿಯ ಸರಕುಗಳು; ತುಂಡು ರಾಡನ್ನೂ ಎಸೆಯದೆ ಎತ್ತಿಡುತ್ತೇವೆ. ಮೊದಲ ಪದರಕ್ಕೆ 2.5 ಮಿಲಿಮೀಟರಿನ ರಾಡು, 70 ಆಂಪಿಯರ್ ಆಸುಪಾಸು, ತುಂಬುವುದಕ್ಕೆ 3.15 ಮಿಲಿಮೀಟರ್, 90ರಿಂದ 100 ಆಂಪಿಯರ್. ಡಿಸಿ, ರಾಡು ಪಾಸಿಟಿವ್. ಆರ್ಕ್ ನಿಲ್ಲುವಷ್ಟು ಕಡಿಮೆ ಕರೆಂಟು ಸಾಕು, ಬೀಡು ಹೆಚ್ಚು ಕರಗಬಾರದು. ನಿಕ್ಕಲಿನ ಹೊಗೆ ಕೆಟ್ಟದ್ದು. ಬಾಗಿಲು ತೆರೆದು, ಫ್ಯಾನು ಹೊಗೆಯನ್ನು ಮುಖದಿಂದ ಆಚೆಗೆ ಎಳೆಯುವಂತೆ ಇಟ್ಟು, ಮಾಸ್ಕ್ ಹಾಕಿಕೊಂಡೇ ಕೂರಬೇಕು.

ಮೊದಲು ಪ್ರತಿ ಸ್ಟಡ್ಡಿನ ಸುತ್ತ ಒಂದೊಂದು ಉಂಗುರ. ಆಮೇಲೆ ಎರಡೂ ಮುಖಗಳಿಗೆ ಬೇರೆ ಬೇರೆಯಾಗಿ ಒಂದು ಪದರ ನಿಕ್ಕಲ್ ಬಳಿಯುವುದು. ಈ ಹಂತದಲ್ಲಿ ಕೊಂಬಿಗೂ ಚೌಕಟ್ಟಿಗೂ ಬೆಸುಗೆಯ ಸಂಬಂಧ ಇನ್ನೂ ಆಗಿರುವುದಿಲ್ಲ. ಬೀಡಿಗೆ ತಗಲುವ ಪದರ ಯಾವ ಎಳೆತವೂ ಇಲ್ಲದೆ ಕೂತು ತಣಿಯುತ್ತದೆ. ಕೊನೆಗೆ ಎರಡನ್ನೂ ಸೇರಿಸುವಾಗ ಬೆಸುಗೆ ಬೀಳುವುದು ನಿಕ್ಕಲಿನ ಮೇಲೆ ನಿಕ್ಕಲ್. ಅದು ಹಿಗ್ಗಬಲ್ಲ ಲೋಹ, ಕುಗ್ಗುವಿಕೆಯ ಎಳೆತವನ್ನು ಅದು ಹೊತ್ತುಕೊಳ್ಳುತ್ತದೆ. ತಣ್ಣನೆಯ ವಿಧಾನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ಈ ಬಳಿಯುವಿಕೆಯನ್ನೇ. ಅವಸರದಲ್ಲಿ ಇದನ್ನು ಬಿಟ್ಟು ನೇರವಾಗಿ ಸಂದು ತುಂಬುವ ಕೆಲಸಗಾರರು ಆಮೇಲೆ ರಾಡಿನ ಕಂಪನಿಯನ್ನು ಬಯ್ಯುತ್ತಾರೆ.

ಒಂದು ಸಲಕ್ಕೆ 25 ಮಿಲಿಮೀಟರಿಗಿಂತ ಉದ್ದ ಓಡಿಸಲಿಲ್ಲ. ಆರ್ಕ್ ಬಿಡುವ ಮುನ್ನ ರಾಡನ್ನು ಒಂದಿಷ್ಟು ಹಿಂದಕ್ಕೆ ತಂದು ಕೊನೆಯ ಗುಂಡಿಯನ್ನು ತುಂಬಬೇಕು. ಬಿರುಕು ಮೊದಲು ಹುಟ್ಟುವುದು ತುಂಬದೆ ಬಿಟ್ಟ ಆ ಗುಂಡಿಯಲ್ಲಿ. ಆರ್ಕ್ ಆರಿದ ಕೂಡಲೇ, ಬೆಸುಗೆ ಇನ್ನೂ ಮಸುಕು ಕೆಂಪಾಗಿರುವಾಗ, ದುಂಡು ತಲೆಯ ಚಿಕ್ಕ ಸುತ್ತಿಗೆಯಿಂದ ಸಾಲಾಗಿ ತಟ್ಟುವುದು. ಜೋರಾಗಿ ಹೊಡೆಯುವ ಕೆಲಸವಲ್ಲ ಇದು. ಏಟಿನ ಗುರುತುಗಳು ಒಂದರ ಪಕ್ಕ ಒಂದು ಬಿದ್ದು ಬೆಸುಗೆಯ ಮೈಯೆಲ್ಲ ಸಣ್ಣ ಗುಳಿಗಳಾದರೆ ಸಾಕು. ಹಾಗೆ ತಟ್ಟಿಸಿಕೊಂಡ ಲೋಹ ಅಗಲವಾಗಿ ತನ್ನ ಕುಗ್ಗುವಿಕೆಯನ್ನು ತಾನೇ ತೀರಿಸಿಕೊಳ್ಳುತ್ತದೆ. ಸದ್ದಿನ ಮೇಲೂ ಕಿವಿ ಇರಬೇಕು. ಮೊದಲ ಏಟುಗಳು ಮೊದ್ದಾಗಿ ಕೇಳಿ, ತಣಿದಂತೆ ಸದ್ದು ಬಿಗಿಯಾಗುತ್ತಾ ಬರುತ್ತದೆ. ಅಷ್ಟರಲ್ಲಿ ತಟ್ಟುವುದನ್ನು ನಿಲ್ಲಿಸಬೇಕು. ಕೆಲಸದ ನಡುವೆ ಎಲ್ಲಾದರೂ ‘ಟಿಣ್’ ಎಂಬ ಒಂಟಿ ಸದ್ದು ಕೇಳಿಸಿದರೆ ಎಲ್ಲವನ್ನೂ ಬಿಟ್ಟು ಅದನ್ನು ಹುಡುಕಬೇಕು. ಅದು ಬೀಡು ಸೀಳಿದ ಸದ್ದು.

ತಟ್ಟಿ, ಕಸ ತೆಗೆದು, ಬ್ರಷ್ ಹೊಡೆದ ಮೇಲೆ ಬೆಸುಗೆಯ ಪಕ್ಕದಲ್ಲಿ ಬರಿಗೈಯ ಹಿಂಬದಿಯನ್ನು ಇಟ್ಟು ನೋಡುವುದು. ಕೈ ನೆಮ್ಮದಿಯಾಗಿ ನಿಲ್ಲುವವರೆಗೆ ಆ ಜಾಗಕ್ಕೆ ಮತ್ತೆ ರಾಡು ಇಲ್ಲ. ನಮ್ಮ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆ, 60 ಡಿಗ್ರಿ ದಾಟದಂತೆ ನೋಡಿಕೊಳ್ಳಲು ಅದೂ ಆಗುತ್ತದೆ, ಆದರೆ ಹೊಳೆಯುವ ನಿಕ್ಕಲಿನ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುವುದರಿಂದ ನನಗೆ ಕೈಯ ಮೇಲೇ ನಂಬಿಕೆ. ಒಂದು ಕಡೆ ತಣಿಯುವಾಗ ಚೌಕಟ್ಟನ್ನು ತಿರುಗಿಸಿ ಎದುರು ಮುಖದಲ್ಲಿ, ಅಥವಾ ಅದೇ ಮುಖದ ಇನ್ನೊಂದು ತುದಿಯಲ್ಲಿ ಹಾಕಬಹುದು. ಒಂದು ಬದಿಯ ಬೆಸುಗೆ ಕೊಂಬನ್ನು ತನ್ನ ಕಡೆಗೆ ಎಳೆದಾಗ ಡಯಲ್ ಗೇಜಿನ ಮುಳ್ಳು ಅದನ್ನು ಕೂಡಲೇ ತೋರಿಸುತ್ತಿತ್ತು, ಮುಂದಿನ ಬೆಸುಗೆಯನ್ನು ಎದುರು ಬದಿಗೆ ಹಾಕಿ ಅದನ್ನು ಹಿಂದಕ್ಕೆ ತರುತ್ತಿದ್ದೆವು. ಬೆಸೆಯುವುದಕ್ಕಿಂತ ಕಾಯುವುದೇ ಹೆಚ್ಚು. ಅದೇ ಗಾಣದ ಗೇರ್ ಕವರಿನ ಮುರಿದ ಕಿವಿಯೊಂದನ್ನು ಈ ಬಿಡುವುಗಳಲ್ಲಿ ಹಿತ್ತಾಳೆಯಿಂದ ಬ್ರೇಜ್ ಮಾಡಿ ಮುಗಿಸಿದೆವು. ತೆಳುವಾದ, ಭಾರವಿಲ್ಲದ ಭಾಗ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಎರಡೂ ಬದಿ ತುಂಬಿದ ಮೇಲೆ ಚೌಕಟ್ಟನ್ನು ಬಿಸಿಬೂದಿಯಲ್ಲಿ ಹೂಳುವುದು ರೂಢಿ. ತಣ್ಣನೆಯ ವಿಧಾನದಲ್ಲಿ ಅದರಿಂದ ಲಾಭ ಕಡಿಮೆ, ಏಕೆಂದರೆ ಪ್ರತಿ ಬೆಸುಗೆಯೂ ಆಗಾಗಲೇ ತಣಿದಿರುತ್ತದೆ. ನಾವು ಗಾಳಿ ಬೀಸದಂತೆ ಗೋಣಿಚೀಲ ಹೊದಿಸಿ ರಾತ್ರಿ ಬಿಟ್ಟೆವು. ಮರುದಿನ ಬೆಸುಗೆಯನ್ನು ಮಟ್ಟವಾಗಿ ತೀಡಿ ಮತ್ತೆ ಡೈ ಹಾಕಿದಾಗ ಬಿಳಿಯ ಮೇಲೆ ಕೆಂಪು ಗೆರೆ ಎಲ್ಲಿಯೂ ಮೂಡಲಿಲ್ಲ. ಒಂದೆರಡು ಕಡೆ ಸೂಜಿಮೊನೆಯಷ್ಟು ಚುಕ್ಕೆಗಳು ಕಂಡವು, ಅವು ಉಳಿದ ಎಣ್ಣೆಯ ಗಾಳಿತೂತುಗಳು, ಬಿರುಕಲ್ಲ. ಅರ ಬೆಸುಗೆಯ ಮೇಲೆ ಚೆನ್ನಾಗಿ ಕಚ್ಚಿತು, ಅಂಚಿನ ಗೆರೆಯಲ್ಲಿ ಮಾತ್ರ ತುಸು ಜಾರಿತು. ಆ ಗಡಸು ಗೆರೆ ನಿಕ್ಕಲ್ ರಾಡಿನಲ್ಲಿಯೂ ಪೂರ್ತಿ ಹೋಗುವುದಿಲ್ಲ, ತೆಳುವಾಗುತ್ತದೆ ಅಷ್ಟೇ. ಆದ್ದರಿಂದ ಯಾವ ರಂಧ್ರವನ್ನೂ ಆ ಗೆರೆಯ ಮೇಲೆ ಗುರುತು ಹಾಕಬಾರದು, ಡ್ರಿಲ್ ಅಲ್ಲಿ ಅಡ್ಡ ಸರಿಯುತ್ತದೆ. ಕಂಡಿಯ ಒಳಮೂಲೆಯನ್ನು 10 ಮಿಲಿಮೀಟರ್ ತ್ರಿಜ್ಯದ ದುಂಡಾಗಿ ತೀಡಿ ನಯಗೊಳಿಸಿದೆವು, ಬೇರಿಂಗಿನ ಮೂಲೆಯನ್ನೂ ಅದಕ್ಕೆ ತಕ್ಕಂತೆ ಕತ್ತರಿಸಿದೆವು. ಕಂಡಿಯ ಅಗಲ ತುಸು ಬಿಗಿಯಾಗಿತ್ತು. ಅದನ್ನು ಅರದಲ್ಲೇ ಸರಿಪಡಿಸಿದ್ದಾಯಿತು.

ಇನ್ನು ಭಾರ ಹೊರುವ ಭಾಗ. ಒಡಕನ್ನು ದಾಟುವಂತೆ ಹೊರಮುಖದಲ್ಲಿ 12 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ಇಟ್ಟು, ರೀಮರಿನಿಂದ ನಿಖರ ಅಳತೆಗೆ ತಂದ ರಂಧ್ರಗಳಲ್ಲಿ ಬಿಗಿಯಾಗಿ ಕೂರುವ 16 ಮಿಲಿಮೀಟರಿನ ಹೈ ಟೆನ್ಸೈಲ್ ಬೋಲ್ಟುಗಳಿಂದ ಕಟ್ಟಿದೆವು. ಪಟ್ಟಿಯನ್ನು ಚೌಕಟ್ಟಿಗೆ ಬೆಸೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೆಸೆದರೆ ಅಲ್ಲಿ ಮತ್ತೊಂದು ಗಡಸು ಅಂಚು ಹುಟ್ಟುತ್ತದೆ. ಮುಚ್ಚಳದ ಮೇಲೆ 25 ಮಿಲಿಮೀಟರ್ ದಪ್ಪದ ಅಡ್ಡಪಟ್ಟಿ, ಅದರ ಎರಡು ತುದಿಗಳಿಂದ ಕೆಳಗಿನ ಚಾನೆಲ್‌ವರೆಗೆ ಇಎನ್ 8 ಎಂಬ ದರ್ಜೆಯ ಉಕ್ಕಿನ 24 ಮಿಲಿಮೀಟರಿನ ಎರಡು ಉದ್ದ ಬೋಲ್ಟುಗಳು, ಒಂದೊಂದೂ ಸುಮಾರು 700 ಮಿಲಿಮೀಟರ್. ನಟ್ಟು ಮುಟ್ಟಿ ಕೂತ ಮೇಲೆ ಒಂದು ಮುಖದಷ್ಟು, ಅಂದರೆ ಆರನೆಯ ಒಂದು ಸುತ್ತು, ಬಿಗಿದರೆ 3 ಮಿಲಿಮೀಟರ್ ಪಿಚ್ಚಿನ (ಒಂದು ಸುತ್ತಿಗೆ ನಟ್ಟು ಅಷ್ಟು ಸರಿಯುವ) ಥ್ರೆಡ್ಡಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಬಿಗಿತ ಸಿಗುತ್ತದೆ. ಅದರಲ್ಲಿ ಒಂದು ಪಾಲು ಅಡ್ಡಪಟ್ಟಿ, ಚಾನೆಲ್‌ಗಳ ಬಾಗುವಿಕೆಗೆ ಹೋದರೂ ಉಳಿದದ್ದು ಕೊಂಬನ್ನು ಕೆಲವು ಟನ್ನುಗಳಷ್ಟು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಈಗ ರೋಲರ್ ಮೇಲಕ್ಕೆ ಒತ್ತಿದಾಗ ಮೊದಲು ಈ ಒತ್ತಡ ಸ್ವಲ್ಪ ಸಡಿಲವಾಗುತ್ತದೆ, ಬೆಸುಗೆಯವರೆಗೆ ಎಳೆತ ತಲುಪುವುದಿಲ್ಲ.

ಡೈ ಮತ್ತು ಗ್ರೀಸಿನ ಶೇಷವನ್ನು ಬಿಸಿನೀರಿನಿಂದ ಚೆನ್ನಾಗಿ ತೊಳೆದೇ ಚೌಕಟ್ಟನ್ನು ಗಾಣಕ್ಕೆ ಏರಿಸಿದೆವು. ಕೆಳಗೆ ರಸದ ತಟ್ಟೆ ಇರುವ ಯಂತ್ರ ಅದು. ರೋಲರುಗಳ ನಡುವಿನ ಸಂದನ್ನು ಎರಡೂ ಬದಿ ಸಮವಾಗಿ ಇಟ್ಟು, ಮೊದಲು ಖಾಲಿ ಓಡಿಸಿ, ಆಮೇಲೆ ಒಂದೆರಡೇ ಜಲ್ಲೆ ಕೊಡುತ್ತಾ, ಬೆಸುಗೆಯ ಪಕ್ಕದಲ್ಲಿ ಬಳಿದ ಸುಣ್ಣದ ಪಟ್ಟಿಯನ್ನು ನೋಡುತ್ತಿದ್ದೆವು. ಸುಣ್ಣ ಬಿರಿಯಲಿಲ್ಲ. ಪೂರ್ತಿ ಹೊರೆ ಕೊಟ್ಟು ಓಡಿಸಿದ ಮೇಲೆ ಉದ್ದ ಬೋಲ್ಟುಗಳು ತುಸು ಸಡಿಲವಾಗಿದ್ದವು. ಹೊಸ ಪಟ್ಟಿ, ವಾಷರುಗಳು ಒತ್ತಿ ಕೂರುವಾಗ ಹಾಗಾಗುವುದು ಸಹಜ, ಮತ್ತೆ ಬಿಗಿದು ಮೇಲೊಂದು ಲಾಕ್ ನಟ್ಟು ಹಾಕಲಾಯಿತು. ಬಲಬದಿಯ ಚೌಕಟ್ಟು ಒಡೆದಿರಲಿಲ್ಲ, ಡೈ ಹಾಕಿದಾಗ ಬಿರುಕೂ ಕಾಣಲಿಲ್ಲ, ಆದರೆ ಅದರ ಕಂಡಿಯ ಮೂಲೆಯೂ ಅಷ್ಟೇ ಚೂಪಾಗಿತ್ತು. ಅದನ್ನೂ ದುಂಡಾಗಿ ತೀಡಿ, ಅದೇ ಅಳತೆಯ ಎರಡು ಬೋಲ್ಟುಗಳನ್ನು ಅದಕ್ಕೂ ಹಾಕಿಸಿದೆವು.